ಕ್ಯಾಮೆರಾದ ಆಚೆ ನಿಂತವರು

ಪರದೆಯ ತುಂಬ ಒಂದೇ ಒಂದು ಕಣ್ಣು ಕಾಣುತ್ತಿತ್ತು. ಐದಾರು ವರ್ಷದ ಹುಡುಗನೊಬ್ಬನ ಕಣ್ಣು. ಎಷ್ಟೋ ವರ್ಷ ಹಿಂದೆ ಮೊಬೈಲಿನಲ್ಲಿ ತೆಗೆದ ಫೋಟೋಗಳದ್ದು. ಕಪ್ಪು ಗುಡ್ಡೆಯ ಮೇಲಿದ್ದ ಬಿಳಿ ಚುಕ್ಕೆ ನಿಧಾನವಾಗಿ ಹಿಗ್ಗಿತು. ಅದರೊಳಗೆ ಮೊದಲು ಕಿಟಕಿಯೊಂದು ಮೂಡಿತು, ಆಮೇಲೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಕೊನೆಗೆ ಮೊಬೈಲ್ ಎತ್ತಿ ಹಿಡಿದು ನಗುತ್ತಿದ್ದ ಗಂಡಸೊಬ್ಬ. ಮೈಸೂರಿನ ಆ ಸಭಾಂಗಣದ ಮೊದಲ ಸಾಲಿನಲ್ಲಿದ್ದ ನಡುವಯಸ್ಸಿನ ಒಬ್ಬರು, ಅಂದಿನ ಆ ಹುಡುಗನೇ, ಎದ್ದು ನಿಂತು, "ನಮ್ಮಪ್ಪ" ಎಂದಷ್ಟೇ ಹೇಳಿ ಕೂತುಬಿಟ್ಟರು. ಮನೆಯ ಫೋಟೋಗಳನ್ನೆಲ್ಲ ತೆಗೆದವರು ಅಪ್ಪನೇ ಆದ್ದರಿಂದ ಅಪ್ಪನದೇ ಒಂದೂ ಇರಲಿಲ್ಲವಂತೆ. ಸಭೆಯಲ್ಲಿ ಅರ್ಧ ಜನ ಕಣ್ಣೊರೆಸಿಕೊಂಡರು.

ಅದು ೨೦೫೮. 'ಮರುನೋಟ' ಎಂಬ ಆ ಯಂತ್ರವನ್ನು ಕಂಡುಹಿಡಿದವರು ಡಾ. ಪಲ್ಲವಿ ಅರಸ್. ಅದರ ತತ್ವ ಹೇಳಿದರೆ ಶಾಲೆಯ ಮಕ್ಕಳಿಗೂ ಅರ್ಥವಾಗುತ್ತದೆ. ನಮ್ಮ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಒಂದು ಪುಟ್ಟ ಉಬ್ಬುಗನ್ನಡಿ. ಎದುರಿಗೆ ಏನಿದೆಯೋ ಅದೆಲ್ಲ ಅದರಲ್ಲಿ ಬೀಳುತ್ತದೆ. ಒಂದೇ ಫೋಟೋದಲ್ಲಿ ಆ ಬಿಂಬ ನಾಲ್ಕೈದು ಮಸುಕು ಚುಕ್ಕೆಗಳಷ್ಟೇ. ಅದೇ ಕಣ್ಣಿನ ನೂರಾರು ಫೋಟೋಗಳು ಸಿಕ್ಕರೆ ಮಾತ್ರ ಯಂತ್ರ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಂಡು ಪೂರ್ತಿ ಚಿತ್ರ ಕಟ್ಟುತ್ತದೆ.

ನೂರಾರು ಫೋಟೋ ಬೇಕಾದದ್ದರಿಂದಲೇ 'ನೆನಪಂಗಳ' ಎಂಬ ಕಂಪನಿ ಪಲ್ಲವಿಯವರ ಬೆನ್ನಿಗೆ ನಿಂತಿತು. ಜನರ ಫೋಟೋಗಳನ್ನು ಬಿಟ್ಟಿಯಾಗಿ ಇಟ್ಟುಕೊಳ್ಳುವುದು ಅದರ ಕಸುಬು. ಎಷ್ಟು ಬೇಕಾದರೂ ತುಂಬಿ, ನಿಮ್ಮ ಅಗಲಿದವರನ್ನು ತೋರಿಸಿಕೊಡುತ್ತೇವೆ ಎಂದಿತು. ಜನ ಮುಗಿಬಿದ್ದರು. ತಮ್ಮದೇ ಫೋಟೋಗಳಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಿಸಿಕೊಳ್ಳುವ, ಒಳಗೇನಿದೆ ಎಂದು ಇಣುಕದ 'ತಿಜೋರಿ'ಯಂಥ ತಾಣಗಳನ್ನು ಕೇಳುವವರೇ ಕಡಿಮೆಯಾದರು.

ಮರುವರ್ಷ ಒಂದು ಮಧ್ಯಾಹ್ನ, ಬೇಕರಿಯ ಏಪ್ರನ್ ಬಿಚ್ಚುವುದನ್ನೂ ಮರೆತ ಹೆಂಗಸೊಬ್ಬಳು ಪಲ್ಲವಿಯವರ ಕೋಣೆಗೆ ಬಂದಳು. ಹೆಸರು ಇಂಚರ. ಕೇಕುಗಳ ಮೇಲೆ ಹೆಸರು ಬರೆಯುವುದು ಅವಳ ಕೆಲಸ.

"ನನ್ನ ಫೋಟೋ ಎಲ್ಲೂ ಇಲ್ರೀ ಮೇಡಂ," ಎಂದು ಕೂರುವ ಮೊದಲೇ ಶುರುಮಾಡಿದಳು. "ಆರು ವರ್ಷದಾಗ ಒಂದು ಫೋಟೋದಾಗೂ ನಾ ನಿಂತಿಲ್ಲ. ಹಂಗಿದ್ರೂ ನಮ್ಮವ್ವ ಮುಂಜಾನೆ ಫೋನ್ ಮಾಡಿ, ನಿನ್ನ ಮುಖ ನೋಡಿದ್ನೆ, ಭಾಳ ಸೊರಗೀಯಲ್ಲೇ ಅಂದ್ಲು."

"ನಿಧಾನವಾಗಿ ಹೇಳಮ್ಮ. ಮೊದಲು ಕೂತ್ಕೊ."

ಇಂಚರಳ ಗಂಡ ರಾಣೆಬೆನ್ನೂರಿನಲ್ಲಿ ಅವಳ ಕೈ ಮುರಿದಿದ್ದ. ಬಿಟ್ಟುಹೋದರೆ ಕೊಲ್ಲುತ್ತೇನೆ ಎಂದಿದ್ದ, ಹಾಗೆ ಮಾಡುವವನೂ ಹೌದು. ಎಳೆಮಗುವನ್ನು ಎತ್ತಿಕೊಂಡು ಅವಳು ಮೈಸೂರಿಗೆ ಬಂದು ಬೇರೆ ಹೆಸರಿನಲ್ಲಿ ಬದುಕುತ್ತಿದ್ದಳು. ಆಶ್ರಯ ಕೊಟ್ಟ ಮಹಿಳಾ ಕೇಂದ್ರದವರು ಯಾವ ಫೋಟೋದಲ್ಲೂ ಸಿಕ್ಕಬೇಡ ಎಂದಿದ್ದರು. ಅವಳು ಅದನ್ನು ವ್ರತದಂತೆ ಪಾಲಿಸಿದ್ದಳು. ಆದರೆ ಮಗಳು ಚಿನ್ಮಯಿಯ ಫೋಟೋ ತೆಗೆಯದೆ ಇರುವುದು ಆಗಲಿಲ್ಲ. ಅಂಬೆಗಾಲಿಟ್ಟದ್ದು, ಹಲ್ಲು ಬಿದ್ದದ್ದು, ಎಲ್ಲವನ್ನೂ ತೆಗೆದಳು. ನಾಲ್ಕು ಕಡೆ ವಿಚಾರಿಸಿ ತಿಜೋರಿಯಲ್ಲಿಟ್ಟಳು, ಅದರ ಬೀಗದ ಕೈಯನ್ನು ತನ್ನ ತಾಯಿ ಒಬ್ಬಳಿಗೆ ಮಾತ್ರ ಕೊಟ್ಟಳು.

"ಮಗು ಫೋಟೋದಲ್ಲಿ ಎಲ್ಲಿ ನೋಡ್ತಿರುತ್ತೆ?" ಎಂದರು ಪಲ್ಲವಿ. ಉತ್ತರ ಅವರಿಗೆ ಆಗಲೇ ಗೊತ್ತಿತ್ತು, ಆದರೂ ಕೇಳಿದರು.

"ನನ್ನ ಕಡೆನ ನೋಡ್ತಾಳ್ರೀ. ಮತ್ಯಾರ್ನ ನೋಡಬೇಕು ಅದು?"

ಅವಳ ಅವ್ವ ಮಗಳ ಮುಖ ನೋಡಿ ಆರು ವರ್ಷವಾಗಿತ್ತು. ಕ್ಯಾಮೆರಾದ ಆಚೆ ನಿಂತವರನ್ನೂ ನೆನಪಂಗಳ ತೋರಿಸುತ್ತದಂತೆ ಎಂದು ಯಾರೋ ಹೇಳಿದ್ದೇ ತಡ, ಮೊಮ್ಮಗಳ ಫೋಟೋಗಳನ್ನೆಲ್ಲ ತಿಜೋರಿಯಿಂದ ತೆಗೆದು ಅಲ್ಲಿ ಸುರಿದುಬಿಟ್ಟಿದ್ದಳು. ಮೊಮ್ಮಗಳ ಕಣ್ಣಿನಲ್ಲಿ ಮಗಳು ಸಿಕ್ಕಿದಳು. ಆಕೆಯ ತಪ್ಪೆಂದರೆ ಇಷ್ಟೇ. ಈ ತಪ್ಪಿಗೆ ಆ ತಾಯಿಯನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಪಲ್ಲವಿ ಕಂಪ್ಯೂಟರಿನತ್ತ ತಿರುಗಿದರು. ನೆನಪಂಗಳದಲ್ಲಿ 'ಕಳೆದುಹೋದವರ ಹುಡುಕಾಟ' ಎಂಬ ಸೌಲಭ್ಯವಿತ್ತು. ಒಂದು ಮುಖ ಕೊಟ್ಟರೆ, ಅಲ್ಲಿ ಎಲ್ಲರೂ ತುಂಬಿದ ಫೋಟೋಗಳಲ್ಲೂ ಅವುಗಳ ಕಣ್ಣುಗಳಲ್ಲೂ ಅದನ್ನು ಹುಡುಕಿಕೊಡುತ್ತಿತ್ತು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳು, ಮರೆವಿನ ಮುದುಕರು ಅದರಿಂದ ಸಿಕ್ಕಿದ್ದುಂಟು. ಕಳೆದುಹೋದವರು ತಾವಾಗಿಯೇ ಹೋದವರೇ ಎಂದು ಕೇಳುವ ವ್ಯವಸ್ಥೆ ಅದರಲ್ಲಿರಲಿಲ್ಲ. ಇಂಚರಳ ಗಂಡ ಮದುವೆಯ ಫೋಟೋ ಕೊಟ್ಟು ಈ ಮುಖ ಹುಡುಕಿ ಎಂದು ಬರೆದಿದ್ದ, ಕಾರಣದ ಜಾಗದಲ್ಲಿ 'ಪ್ರೀತಿಯ ಹೆಂಡತಿ' ಎಂದು ಹಾಕಿದ್ದ. ಯಂತ್ರ ತನ್ನ ಕೆಲಸ ಚೊಕ್ಕಟವಾಗಿ ಮಾಡಿತ್ತು. ಮುಖವನ್ನಷ್ಟೇ ಅಲ್ಲ, ಅವಳ ಹಿಂದೆ ರಸ್ತೆಯಾಚೆ ತಿರುಗುಮುರುಗಾಗಿ ಕಂಡ ಶಾಲೆಯ ಬೋರ್ಡನ್ನೂ ನೆಟ್ಟಗೆ ಮಾಡಿ ಓದಿಕೊಟ್ಟಿತ್ತು. ಉತ್ತರ ಹೋಗಿ ಎರಡು ದಿನವಾಗಿತ್ತು.

"ಈಗ ಅಳಿಸಿದ್ರ ಆಗ್ತೈತೇನ್ರೀ?" ಎಂದಳು ಇಂಚರ.

ಪಲ್ಲವಿ ಉತ್ತರಿಸುವ ಮೊದಲೇ ಅವಳ ಫೋನ್ ಹೊಡೆದುಕೊಂಡಿತು. ಶಾಲೆಯಿಂದ. "ಚಿನ್ಮಯಿ ಅಪ್ಪ ಅಂತ ಒಬ್ಬರು ಗೇಟ್ ಹತ್ರ ಬಂದಿದಾರೆ. ಅವರ ಜೊತೆ ಕಳಿಸಬಹುದಾ ಅಮ್ಮ?"

ಆ ದನಿ ಪಲ್ಲವಿಯವರಿಗೂ ಕೇಳಿಸಿತು. ಪಲ್ಲವಿ ಫೋನ್ ಕಸಿದುಕೊಂಡು, "ಯಾವ ಕಾರಣಕ್ಕೂ ಬೇಡ. ಮಗೂನ ಒಳಗೆ ಕೂರಿಸಿ ಬಾಗಿಲು ಹಾಕ್ಕೊಳ್ಳಿ, ನಾವು ಪೊಲೀಸರನ್ನ ಕರ್ಕೊಂಡು ಬರ್ತಿದೀವಿ" ಎಂದರು. ಅವರು ತಲುಪುವಷ್ಟರಲ್ಲಿ ಗೇಟಿನಲ್ಲಿ ಯಾರೂ ಇರಲಿಲ್ಲ. ಬಂದವನು ಕಾವಲುಗಾರನೊಂದಿಗೆ ನಗುನಗುತ್ತ ಮಾತಾಡಿ, ಇನ್ನೊಂದು ದಿನ ಬರುತ್ತೇನೆ ಎಂದು ಹೋಗಿದ್ದನಂತೆ.

ಅಂದೇ ಸಂಜೆ ತಾಯಿ-ಮಗಳಿಬ್ಬರನ್ನೂ ಬೇರೆ ಊರಿಗೆ ಸಾಗಿಸುವುದೆಂದಾಯಿತು. ಅಷ್ಟರಲ್ಲಿ ಪಲ್ಲವಿ ಕಂಪನಿಯ ಮುಖ್ಯಸ್ಥರಿಗೆ ಫೋನ್ ಮಾಡಿ, ಮಗುವಿನ ಕಣ್ಣಿನಿಂದ ತೆಗೆದದ್ದನ್ನೆಲ್ಲ ಅಳಿಸಿ ಎಂದು ಬೇಡಿಕೊಂಡರು.

"ಫೋಟೋ ಅಳಿಸ್ತೀವಿ ಮೇಡಂ, ಅದು ಅವರದು," ಎಂದರು ಆತ, ಬಹಳ ವಿನಯದಿಂದ. "ಆದರೆ ಫೋಟೋದಲ್ಲಿ ನಾವು ಕಂಡಿದ್ದು ನಮ್ಮದು. ಅದಕ್ಕೆ ಎಲ್ಲರೂ ಒಪ್ಪಿಗೆ ಕೊಟ್ಟೇ ಒಳಗೆ ಬಂದಿರ್ತಾರೆ."

ಸುಳ್ಳಲ್ಲ. ಆ ಒಪ್ಪಿಗೆಯ ಕರಾರನ್ನು ಓದಿದವರು ಯಾರೂ ಇಲ್ಲ ಅಷ್ಟೇ; ಸ್ವತಃ ಪಲ್ಲವಿಯವರೂ ಓದಿರಲಿಲ್ಲ. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಪೊಲೀಸ್ ಜೀಪಿನ ಹಿಂದಿನ ಸೀಟಿನಲ್ಲಿ ಚಿನ್ಮಯಿ ತಾಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಪಲ್ಲವಿ ಬೀಳ್ಕೊಡಲು ಬಂದು ನಿಂತರು.

"ಇನ್ನ ಮ್ಯಾಲೆ ಇಕಿ ಫೋಟೋ ಎಲ್ಲಿ ಇಡ್ಲಿ ಮೇಡಂ?" ಎಂದು ಕೇಳಿದಳು ಇಂಚರ. "ನಿಮಗ ಗೊತ್ತಿರ್ತೈತಿ, ಹೇಳ್ರಿ."

"ಇವತ್ತಿಗೆ ಯಾವ ಜಾಗ ಒಳ್ಳೇದು ಅಂತ ಹೇಳಬಲ್ಲೆ," ಎಂದರು ಪಲ್ಲವಿ. "ಅಲ್ಲಿಟ್ಟಿದ್ದನ್ನ ಇನ್ನು ಹತ್ತು ವರ್ಷಕ್ಕೆ ಯಾರು, ಯಾವ ಯಂತ್ರದಿಂದ ಓದ್ತಾರೋ ನಂಗೆ ಗೊತ್ತಿಲ್ಲಮ್ಮ. ನಿನ್ನ ಮಗಳ ಮೊದಲ ಫೋಟೋ ನೀನು ತೆಗೆದಾಗ ನನ್ನ ಯಂತ್ರಾನೇ ಇರಲಿಲ್ಲ. ಆಗ ನೀನು ಬಂದು ಕೇಳಿದ್ರೂ ಏನೂ ಭಯ ಇಲ್ಲ ಅಂತಿದ್ದೆ."

ಇಂಚರ ಫೋನ್ ತೆಗೆದು ಮಗಳ ಫೋಟೋಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಮೊದಲ ಸಲ ನಿಂತದ್ದು, ಮೈಗೆಲ್ಲ ಹಿಟ್ಟು ಬಳಿದುಕೊಂಡದ್ದು, ಜ್ವರ ಬಿಟ್ಟ ಮರುದಿನ ನಕ್ಕದ್ದು. ಜೀಪು ಹೊರಟ ಮೇಲೂ ಅವಳ ಹೆಬ್ಬೆರಳು ನಿಲ್ಲಲಿಲ್ಲ. ಅವುಗಳಲ್ಲಿ ಯಂತ್ರ ಕಂಡದ್ದು ನೆನಪಂಗಳದಲ್ಲಿ ಹಾಗೇ ಉಳಿಯುತ್ತದೆ, ತನ್ನಲ್ಲಿ ಮಾತ್ರ ಅವು ಇಲ್ಲವಾಗುತ್ತಿವೆ ಎಂಬುದು ಅವಳಿಗೆ ಗೊತ್ತಿತ್ತು.