ಮೂರನೇ ಪುಟದಲ್ಲಿ ಅಜ್ಜ ಕೂಗಿದ್ದು

"ಹದಿನೇಳನೇ ನಂಬರ್, ಪ್ಯೊ ಸೊದಾಮ್," ಎಂದು ಮೈಕಿನಲ್ಲಿ ಕರೆದರು.

ಸೊದಾಮ್ ಎದ್ದಳು. ಬಾಡಿಗೆಗೆ ತಂದ ಬಿಳಿ ಫ್ರಾಕು ಸೊಂಟದಲ್ಲಿ ಬಿಗಿ, ತೋಳಿನಲ್ಲಿ ಸಡಿಲ. ಸ್ಟೇಜಿನ ಮೇಲೆ ದೊಡ್ಡ ಕರೀ ಪಿಯಾನೋ. ಕೆಳಗೆ ಮೊದಲ ಸಾಲಿನಲ್ಲಿ ಪೆನ್ನು ಹಿಡಿದ ಮೂವರು ಜಡ್ಜ್‌ಗಳು. ಅವರ ಹಿಂದೆ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ತೀರಾ ಕೊನೆಯ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಅಜ್ಜ. ಮೊಮ್ಮಗಳ ಸ್ಪರ್ಧೆ ಅಂತ ಅಜ್ಜ ಹಬ್ಬದ ದಿನ ಹಾಕುವ ಉದ್ದನೆಯ ಬಿಳಿ ನಿಲುವಂಗಿ ಹಾಕಿಕೊಂಡು ಬಂದಿದ್ದ.

ಸೊದಾಮ್ ಬಗ್ಗಿ ನಮಸ್ಕಾರ ಮಾಡಿ ಕೂತಳು. ಮೊದಲನೇ ಪುಟ ಸರಾಗವಾಗಿ ಹೋಯಿತು. ಎರಡನೆಯದೂ ಅಷ್ಟೇ. ಕಷ್ಟವೆಲ್ಲ ಇದ್ದದ್ದು ಮೂರನೇ ಪುಟದಲ್ಲಿ. ಅಲ್ಲಿ ಎಡಗೈ ಒಂದು ಕ್ಷಣವೂ ನಿಲ್ಲದೆ ಓಡಬೇಕು. ದಿನಾ ಮನೆಯಲ್ಲಿ ನುಡಿಸುವಾಗಲೂ ಅಲ್ಲಿಗೆ ಬಂದರೆ ಅವಳ ಎಡಗೈ ಸೋತುಹೋಗುತ್ತಿತ್ತು. ಈ ವಿಷಯವನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ, ಪಿಯಾನೋ ಟೀಚರಿಗೂ ಹೇಳಿರಲಿಲ್ಲ. ಹೇಳಿದರೆ ಸಣ್ಣ ಮಕ್ಕಳ ಸುಲಭದ ಪೀಸ್ ಕೊಟ್ಟುಬಿಡುತ್ತಾರೆ ಅಂತ ಭಯ.

ಮೂರನೇ ಪುಟ ಬಂತು. ಬೆರಳುಗಳು ಭಾರವಾಗತೊಡಗಿದವು. ಆಗಲೇ ಸಭಾಂಗಣದ ಹಿಂದುಗಡೆಯಿಂದ ಒಂದು ಕೂಗು ಬಂತು.

"ಓಲ್ಸೂ! ಭಲೇ ಪುಟ್ಟಿ, ಹಂಗೇ ನಡೀಲಿ!"

ಇಡೀ ಸಭಾಂಗಣ ಹಿಂದಕ್ಕೆ ತಿರುಗಿತು. ಒಬ್ಬ ಜಡ್ಜ್ ಕೈಯಿಂದ ಪೆನ್ನು ಜಾರಿತು. ಯಾರೋ ಕಿಸಕ್ಕನೆ ನಕ್ಕರು. ಸೊದಾಮ್ ಬೆರಳು ಎಲ್ಲಿಗೋ ಹೋಗಿ, ತಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಕೈ ನಿಂತುಹೋಯಿತು. ಆಮೇಲೆ ಪುಟದ ಮೇಲಿನಿಂದ ಮತ್ತೆ ಶುರುಮಾಡಿ ಹೇಗೋ ಮುಗಿಸಿದಳು.

ಹೊರಗೆ ಬಂದ ಕೂಡಲೇ ಅಳು ನುಗ್ಗಿತು.

"ಅಜ್ಜ, ಯಾಕೆ ಕೂಗಿದ್ರಿ?"

"ಕೂಗಬಾರದಿತ್ತಾ?" ಅಜ್ಜನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಅಲ್ಲಿ ಯಾರೂ ಕೆಮ್ಮೋದೂ ಇಲ್ಲ, ಗೊತ್ತಾ?"

"ನಾನೂ ಅದನ್ನೇ ನೋಡ್ದೆ. ಮಕ್ಕಳು ಒಬ್ಬೊಬ್ಬರೇ ಅಷ್ಟು ಕಷ್ಟಪಟ್ಟು ನುಡಿಸ್ತಿದ್ರೆ, ದೊಡ್ಡವರು ಒಬ್ಬರಾದ್ರೂ ಒಂದು ಒಳ್ಳೆ ಮಾತು ಆಡೋದು ಬೇಡ್ವಾ? ಎಲ್ಲ ಸಾವಿನ ಮನೇಲಿ ಕೂತಂಗೆ ಕೂತಿದ್ರು."

"ಮಾವ, ಇದು ನಿಮ್ಮ ಪಾನ್ಸೊರಿ ಅಲ್ಲ," ಅಂದಳು ಅಮ್ಮ, ಮೆಲ್ಲಗೆ.

ಅಜ್ಜ ಪಾನ್ಸೊರಿಗೆ ಡೋಲು ಬಾರಿಸುವವನು. ಪಾನ್ಸೊರಿಯಲ್ಲಿ ಒಬ್ಬರೇ ನಿಂತು ಇಡೀ ಕತೆಯನ್ನು ಗಂಟೆಗಟ್ಟಲೆ ಹಾಡುತ್ತಾರೆ. ಜೊತೆಗೆ ಇರುವುದು ಒಂದು ಡೋಲು ಮಾತ್ರ. ಡೋಲಿನವನ ಕೆಲಸ ಅರ್ಧ ಕೈಯಲ್ಲಿ, ಅರ್ಧ ಬಾಯಲ್ಲಿ. ನಡುನಡುವೆ ಓಲ್ಸೂ, ಭಲೇ ಅಂತ ಹಾಡುವವರನ್ನು ಹುರಿದುಂಬಿಸುತ್ತ ಅವನು ಕೂಗುತ್ತಿರಬೇಕು. ಕೇಳುವವರೂ ಕೂಗಬೇಕು. ಅಲ್ಲಿ ಸುಮ್ಮನೆ ಕೂತವರನ್ನೇ ಎಲ್ಲರೂ ತಿರುಗಿ ನೋಡುತ್ತಾರೆ.

ಅವತ್ತು ಸೊದಾಮ್‌ಗಿಂತ ಕೆಟ್ಟದಾಗಿ ನುಡಿಸಿದವರಿಗೂ ಒಂದೊಂದು ಪದಕ ಬಂತು. ಅವಳಿಗೆ ಬಂದದ್ದು, ಇವಳೂ ಭಾಗವಹಿಸಿದ್ದಳು ಅನ್ನುವ ಕಾಗದ.

ಸ್ಪರ್ಧೆ ಮುಗಿದ ಮೇಲೆ ಕಪ್ಪು ಸಾಸಿನ ನೂಡಲ್ಸ್ ತಿನ್ನಿಸುವುದು ವಾಡಿಕೆ. ಹೋಟೆಲಿನಲ್ಲಿ ಸೊದಾಮ್ ಬಟ್ಟಲನ್ನು ಮುಟ್ಟಲೇ ಇಲ್ಲ. ಅಜ್ಜ ತನ್ನ ಪಾಲಿನ ಹಳದಿ ಮೂಲಂಗಿ ಉಪ್ಪಿನಕಾಯಿಯನ್ನು ಒಂದೊಂದೇ ಹೋಳು ಅವಳ ಕಡೆ ಸರಿಸಿದ.

"ಇನ್ಮೇಲೆ ನನ್ನ ಪಿಯಾನೋ ನೀವು ಕೇಳಬೇಡಿ," ಅಂದಳು ಸೊದಾಮ್.

ಅಜ್ಜನ ಚಾಪ್‌ಸ್ಟಿಕ್ ಅರ್ಧದಲ್ಲೇ ನಿಂತಿತು. "ಆಯ್ತು," ಅಂದ.

ಅಜ್ಜ ಆಡಿದ ಮಾತಿಗೆ ತಪ್ಪದ ಮನುಷ್ಯ. ಮರುದಿನದಿಂದ, ಸಂಜೆ ನಾಲ್ಕಕ್ಕೆ ಸೊದಾಮ್ ಪಿಯಾನೋ ಮುಚ್ಚಳ ತೆರೆದ ಕೂಡಲೇ ಗುದ್ದಲಿ ಹೆಗಲಿಗೇರಿಸಿ ಹೊಲಕ್ಕೆ ಹೊರಟುಬಿಡುತ್ತಿದ್ದ. ಮೊದಲೆಲ್ಲ ಆ ಹೊತ್ತಿಗೆ ಹೊರಗಿನ ಮರದ ಜಗಲಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಲೋ ಹುರಿ ಹೊಸೆಯುತ್ತಲೋ ಕೂತಿರುತ್ತಿದ್ದ. ಈಗ ಜಗಲಿ ಖಾಲಿ. ಒಳ್ಳೆಯದೇ ಆಯಿತು ಅಂದುಕೊಂಡಳು ಸೊದಾಮ್. ಆದರೆ ಯಾಕೋ ಒಂದು ದಿನವೂ ಪೂರ್ತಿ ಗಂಟೆ ನುಡಿಸಲು ಮನಸ್ಸಾಗಲಿಲ್ಲ.

ಎರಡು ವಾರ ಕಳೆಯಿತು. ಭಾನುವಾರ ಊರಿನ ಹಿರಿಯರು ಸೇರುವ ಮನೆಯಲ್ಲಿ ಬೊಕ್‌ಸುನ್ ಅಜ್ಜಿಯ ಪಾನ್ಸೊರಿ ಹಾಡು ಇತ್ತು. ಕೇಳಲು ಪರದೇಶದ ವಿದ್ಯಾರ್ಥಿಗಳು ಹತ್ತು ಜನ ಬಂದಿದ್ದರು. ಅಕ್ಕಿ ಕಡುಬಿನ ತಟ್ಟೆ ಹಿಡಿದು ಸೊದಾಮ್ ಕೂಡ ಅಮ್ಮನ ಜೊತೆ ಹೋದಳು.

ಅಜ್ಜಿಗೆ ಎಪ್ಪತ್ತೆಂಟು ವರ್ಷ. ಕೈಯಲ್ಲಿ ಬೀಸಣಿಗೆ ಹಿಡಿದು ಚಾಪೆಯ ಮೇಲೆ ನಿಂತು ಹಾಡು ಎತ್ತಿದಳು. ಅಜ್ಜ ಡೋಲು ಬಾರಿಸಿದ. ವಿದ್ಯಾರ್ಥಿಗಳು ಕಣ್ಣು ಮಿಟುಕಿಸದೆ, ಬಹಳ ಮರ್ಯಾದೆಯಿಂದ ಸುಮ್ಮನೆ ಕೂತಿದ್ದರು. ಆಶ್ಚರ್ಯವೆಂದರೆ ಅಜ್ಜನೂ ಸುಮ್ಮನಿದ್ದ.

ಅಜ್ಜಿ ಸ್ವಲ್ಪ ಹೊತ್ತು ಸಹಿಸಿದಳು. ಆಮೇಲೆ ಬೀಸಣಿಗೆಯನ್ನು ಪಟ್ಟನೆ ಮುಚ್ಚಿ ಹಾಡು ನಿಲ್ಲಿಸಿದಳು.

"ಏನಯ್ಯಾ ಪ್ಯೊ, ಬಾಯಿ ಮನೇಲಿ ಬಿಟ್ಟು ಬಂದ್ಯಾ? ನಾನೇನು ಗೋಡೆಗೆ ಹಾಡ್ತಿದ್ದೀನಾ?" ಎಂದು ಅಜ್ಜನನ್ನು ಮನೆತನದ ಹೆಸರು ಹಿಡಿದು ಗದರಿದಳು.

ಎಲ್ಲರೂ ನಕ್ಕರು. ಅಜ್ಜ ಮಾತ್ರ ನಗಲಿಲ್ಲ. ಬಾಗಿಲ ಬಳಿ ಕೂತಿದ್ದ ಸೊದಾಮ್ ಕಡೆ ನೋಡಿದ. ಹೊರಗೆ ಹೋಗಲೇ ಅಂತ ಟೀಚರ್ ಮುಖ ನೋಡುವ ಒಂದನೇ ಕ್ಲಾಸಿನ ಹುಡುಗನ ಹಾಗಿತ್ತು ಆ ನೋಟ.

ಸೊದಾಮ್‌ಗೆ ಅರ್ಥವಾಯಿತು. ಇಡೀ ಊರೇ ಗೌರವ ಕೊಡುವ ಅಜ್ಜ ಕೂಗಲು ತನ್ನ ಅಪ್ಪಣೆ ಕೇಳುತ್ತಿದ್ದಾನೆ. ಅವಳು ಬೇಗ ಬೇಗ ಹೂಂ ಅಂತ ತಲೆಯಾಡಿಸಿದಳು.

ಹಾಡು ಮತ್ತೆ ಎದ್ದಿತು. ಕತೆಯಲ್ಲಿ ಬಿರುಗಾಳಿ ಬಂತು, ದೋಣಿ ಹೊಯ್ದಾಡಿತು. ಅಜ್ಜಿಯ ದನಿ ಏರುತ್ತಾ ಏರುತ್ತಾ ಹೋಯಿತು. ಆಗ ಸೊದಾಮ್ ಮೊದಲ ಸಲ ಒಂದು ವಿಷಯ ಗಮನಿಸಿದಳು. ಅಜ್ಜ ಡೋಲಿನ ಕಡೆ ನೋಡುತ್ತಲೇ ಇರಲಿಲ್ಲ. ಅಜ್ಜಿಯ ಬಾಯಿ, ಭುಜ, ಬೀಸಣಿಗೆ ಹಿಡಿದ ಕೈ, ಇಷ್ಟನ್ನೇ ನೋಡುತ್ತಿದ್ದ. ಅಜ್ಜಿಯ ಭುಜ ಒಂದು ಚೂರು ಕುಸಿಯಿತು.

"ಓಲ್ಸೂ!" ಎಂದ ಅಜ್ಜ.

ಅಜ್ಜಿಯ ಬೆನ್ನು ನೆಟ್ಟಗಾಯಿತು. ದನಿ ಮತ್ತೆ ಮೇಲೆ ಹೋಯಿತು. ಇದನ್ನು ನೋಡಿ ಧೈರ್ಯ ಬಂದ ಒಬ್ಬಳು ವಿದೇಶಿ ವಿದ್ಯಾರ್ಥಿನಿಯೂ ತಪ್ಪು ತಪ್ಪಾಗಿ ಕೂಗಿದಳು. ಅಜ್ಜಿ ಅವಳಿಗೂ ಬೀಸಣಿಗೆ ಆಡಿಸಿದಳು.

ಹಾಡು ಮುಗಿದ ಮೇಲೆ ತಟ್ಟೆ ಎತ್ತುತ್ತಾ ಸೊದಾಮ್ ಅಜ್ಜಿಯ ಬಳಿ ಹೋದಳು.

"ಅಜ್ಜಿ, ಚೆನ್ನಾಗಿ ಹಾಡಿದಾಗ ತಾನೇ ಕೂಗೋದು?"

"ಆಗಲೂ ಕೂಗ್ತಾರೆ. ಅದು ಯಾರು ಬೇಕಾದ್ರೂ ಮಾಡ್ತಾರೆ," ಅಂದಳು ಅಜ್ಜಿ, ಬೆವರು ಒರೆಸಿಕೊಳ್ಳುತ್ತಾ. "ನಿಮ್ಮಜ್ಜ ಇದ್ದಾನಲ್ಲ, ಅವನು ನನ್ನ ಉಸಿರು ಎಲ್ಲಿ ಸೋಲತ್ತೆ ಅಂತ ಕಾಯ್ತಾ ಇರ್ತಾನೆ. ಸೋಲೋದಕ್ಕೆ ಒಂದು ಕ್ಷಣ ಮುಂಚೆ ಕೂಗ್ತಾನೆ. ನನಗಿಂತ ಮೊದಲು ಅವನಿಗೆ ಗೊತ್ತಾಗಿರತ್ತೆ, ಕಳ್ಳ."

ತಟ್ಟೆ ಹಿಡಿದುಕೊಂಡು ಸೊದಾಮ್ ಹಾಗೇ ನಿಂತಳು. ಅವತ್ತು ಮೊದಲನೇ ಪುಟ ಎಷ್ಟು ಚೆನ್ನಾಗಿ ಬಂದಿತ್ತು. ಅಜ್ಜ ಕೂಗಿರಲಿಲ್ಲ. ಎರಡನೇ ಪುಟದಲ್ಲೂ ಕೂಗಿರಲಿಲ್ಲ. ಪಿಯಾನೋದ ಒಂದು ಸ್ವರ ಓದಲೂ ಬಾರದ ಅಜ್ಜ, ತಿಂಗಳುಗಟ್ಟಲೆ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಅವಳ ಎಡಗೈಯನ್ನು ಕೇಳಿಸಿಕೊಂಡಿದ್ದ. ಅಷ್ಟು ದೊಡ್ಡ ಸಭಾಂಗಣದಲ್ಲಿ ಆ ಕೈ ಸೋಲುತ್ತಿದೆ ಅಂತ ಗೊತ್ತಾದದ್ದು ಅವನೊಬ್ಬನಿಗೇ. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇಂಥ ಅಜ್ಜ ತನಗೆ ಇದ್ದಾನಲ್ಲ ಅಂತ ಎದೆ ತುಂಬಿ ಬಂತು.

ಮನೆಗೆ ಹೋಗುವಾಗ ಡೋಲಿನ ಚೀಲದ ಒಂದು ಹಿಡಿಯನ್ನು ಅವಳೇ ಹಿಡಿದುಕೊಂಡಳು.

"ಅಜ್ಜ, ಸಾರಿ. ಥ್ಯಾಂಕ್ಸ್ ಕೂಡ. ಅವತ್ತು ಕೂಗಿದ್ದಕ್ಕೆ."

"ತಪ್ಪು ನಂದೂ ಇದೆ ಬಿಡು. ಆ ಜಾಗದ ರೀತಿನೀತಿ ಕೇಳ್ಕೊಂಡು ಹೋಗಬೇಕಿತ್ತು," ಅಂದ ಅಜ್ಜ. "ಮುಂದಿನ ಸಲ ಬಾಯಿಗೆ ಟೋಪಿ ಅಡ್ಡ ಇಟ್ಕೊಂಡು ಕೂರ್ತೀನಿ."

"ಅಲ್ಲಿ ಬೇಡ. ಮನೇಲಿ ಬೇಕು. ನಾಳೆಯಿಂದ ನಾಲ್ಕು ಗಂಟೆಗೆ ಹೊಲಕ್ಕೆ ಹೋಗಬೇಡಿ."

ಮರುದಿನ ಅವಳು ಎಡಗೈ ವಿಷಯವನ್ನು ಟೀಚರಿಗೆ ಹೇಳಿದಳು. ಟೀಚರ್ ಸುಲಭದ ಪೀಸ್ ಕೊಡಲಿಲ್ಲ. ಮಣಿಕಟ್ಟನ್ನು ಸಡಿಲ ಬಿಡುವುದು ಹೇಗೆ ಅಂತ ತೋರಿಸಿಕೊಟ್ಟರು, ಅಷ್ಟೇ. ಮನೆಯಲ್ಲಿ ಮೂರನೇ ಪುಟ ಬಂದಾಗಲೆಲ್ಲ ಜಗಲಿಯಿಂದ "ಓಲ್ಸೂ" ಬರುತ್ತಿತ್ತು. ಸೊದಾಮ್ ಹಲ್ಲು ಕಚ್ಚಿ ಮುಂದೆ ಓಡುತ್ತಿದ್ದಳು.

ಹೀಗೇ ಒಂದು ತಿಂಗಳಾಯಿತು. ಒಂದು ದಿನ ಅವಳು ಮೂರನೇ ಪುಟಕ್ಕೆ ಬಂದಳು. ಹೊರಗಿನಿಂದ ಸದ್ದಿಲ್ಲ. ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಅಂದುಕೊಳ್ಳುತ್ತಲೇ ನಾಲ್ಕನೇ ಪುಟವೂ ಮುಗಿದುಹೋಯಿತು.

ಅಜ್ಜ ನಿದ್ದೆ ಹೋಗಿಬಿಟ್ಟನೇ? ಅವಳಿಗೆ ಸ್ವಲ್ಪ ಸಿಟ್ಟೇ ಬಂತು. ಎದ್ದು ಬಾಗಿಲಿಗೆ ಬಂದಳು. ಅಜ್ಜ ಕಣ್ಣು ಬಿಟ್ಟುಕೊಂಡೇ ಬೆಳ್ಳುಳ್ಳಿ ಸುಲಿಯುತ್ತಿದ್ದ.

"ಯಾಕಜ್ಜ ಕೂಗಲಿಲ್ಲ?"

ಅಜ್ಜ ತಲೆ ಎತ್ತದೆಯೇ ಹೇಳಿದ. "ಇವತ್ತು ಎಲ್ಲಿ ಬೇಕಾಗಿತ್ತು?"

ಸೊದಾಮ್ ತನ್ನ ಎಡಗೈಯನ್ನು ನೋಡಿಕೊಂಡಳು. ಬೆರಳುಗಳನ್ನು ಮಡಚಿ ಬಿಡಿಸಿದಳು. ಆಮೇಲೆ ಅಜ್ಜನ ಪಕ್ಕದಲ್ಲಿ ಕೂತು, ಬುಟ್ಟಿಯಿಂದ ಒಂದು ಬೆಳ್ಳುಳ್ಳಿ ಗಡ್ಡೆ ತೆಗೆದುಕೊಂಡು ಸುಲಿಯತೊಡಗಿದಳು.