ಲೆಕ್ಕದಿಂದ ಜಾರಿದ ಇಪ್ಪತ್ತೆರಡು ಮಕ್ಕಳು

ಬೀರುವಿನ ಬೀಗ ಒಡೆದಿತ್ತು. ಒಳಗೆ ಆರು ವರ್ಷದ ಹದಿನೆಂಟು ಹಾಜರಿ ಪುಸ್ತಕಗಳಿರಬೇಕಿತ್ತು. ಹದಿನೇಳಿದ್ದವು. ಮಾಯವಾಗಿದ್ದು ಈಗಷ್ಟೇ ಮುಗಿದ ವರ್ಷದ ಏಳನೇ ತರಗತಿಯದು. ನಾನು ಬಸ್ಸಿನಲ್ಲಿ ನೇತಾಡಿಕೊಂಡು ಊರಾಚೆ ವಾಡಿಯ ಈ ಮರಾಠಿ ಶಾಲೆಗೆ ಬಂದಿದ್ದು ಅದೊಂದನ್ನೇ ನೋಡಲಿಕ್ಕೆ.

ಹೆಡ್‌ಮಾಸ್ತರ್ ಬಾರಾಪಾತ್ರೆ ಹಣೆ ಒರೆಸಿಕೊಂಡರು.

“ಕಳ್ಳ ಸಿಕ್ಕಿದ್ದಾನೆ ಮ್ಯಾಡಮ್. ಗೋದಾಮಿನ ಹಮಾಲ ಅಪ್ಪಣ್ಣ. ನಿನ್ನೆ ಇಲ್ಲೇ ನಿಂತು ಕೂಗಾಡಿ ಹೋಗಿದ್ದ. ಪೊಲೀಸ್ ಚೌಕಿಯಲ್ಲಿ ಕೂರಿಸಿದ್ದಾರೆ.”

“ಹಮಾಲನಿಗೆ ಹಾಜರಿ ಪುಸ್ತಕ ಯಾಕೆ ಬೇಕು?”

“ಸೇಡು. ಮತ್ತೇನು?”

ಅದು ೨೦೦೩ರ ಜೂನ್ ಕೊನೆ. ನಾನು ಕೃಷ್ಣವೇಣಿ, ಸಿವಿಲ್ ಲೈನ್ಸ್‌ನ ಶಿಕ್ಷಣ ಕಚೇರಿಯಲ್ಲಿ ಅಂಕಿಅಂಶದ ಗುಮಾಸ್ತೆ. ಹುಡುಗರೆಷ್ಟು, ಹುಡುಗಿಯರೆಷ್ಟು, ಮನೆಮಾತೇನು, ತಂದೆಯ ಕೆಲಸವೇನು, ಪಾಸಾದವರೆಷ್ಟು ಎಂದು ಹನ್ನೊಂದು ವರ್ಷದಿಂದ ಎಣಿಸುತ್ತಿದ್ದೇನೆ. ಎಣಿಸಿದ್ದನ್ನು ಯಾರೂ ಓದುವುದಿಲ್ಲ. ಮೇಲಿನವರಿಗೆ ಕೊನೆಯ ಸಾಲಿನ ಶೇಕಡಾ ಸಾಕು.

ಗೋದಾಮುಗಳ ನಡುವಿನ ಈ ಸರ್ಕಾರಿ ಶಾಲೆಯ ಏಳನೆಯ ತರಗತಿ ಹಿಂದಿನ ವರ್ಷ ಶೇಕಡಾ ನಲವತ್ತಮೂರು ಪಾಸಾಗಿತ್ತು. ಈ ವರ್ಷ ತೊಂಬತ್ತೈದು! ಹೆಡ್‌ಮಾಸ್ತರಿಗೆ ಶಾಲು, ಹಾರ ಎಲ್ಲ ನಿಶ್ಚಯವಾಗಿಬಿಟ್ಟಿತ್ತು. ನಾನು ಮಾತ್ರ ಹಳೆಯ ಎಣಿಕೆ ತೆಗೆದು ನೋಡಿದೆ. ಸೆಪ್ಟೆಂಬರಿನ ಎಣಿಕೆಯಲ್ಲಿ ಅರವತ್ತೆರಡು ಮಕ್ಕಳಿದ್ದರು. ಪರೀಕ್ಷೆಯ ಪಟ್ಟಿಯಲ್ಲಿ ನಲವತ್ತು. ಉಳಿದ ಇಪ್ಪತ್ತೆರಡು ಎಲ್ಲಿ ಹೋದವು? ಎರಡು ಸಲ ಪತ್ರ ಬರೆದೆ, ಉತ್ತರವಿಲ್ಲ. ನಾನೇ ಬರುತ್ತೇನೆಂದು ಮೂರನೆಯ ಪತ್ರ ಬರೆದೆ. ಬಂದರೆ ಹೀಗೆ.

* * *

ಚೌಕಿಯ ಹೊರಗೆ ಹದಿಮೂರರ ಹುಡುಗಿಯೊಬ್ಬಳು ಕೂತಿದ್ದಳು. ಅಪ್ಪಣ್ಣನ ಮಗಳು ಗೌರಮ್ಮ. ಕಲಬುರಗಿ ಕಡೆಯವರು. ಮರಾಠಿಯವರ ನಡುವೆ ನನ್ನ ಬಾಯಲ್ಲಿ ಕನ್ನಡ ಕೇಳಿ ಎದ್ದು ನಿಂತಳು.

“ನಮ್ಮಪ್ಪ ಕದ್ದಿಲ್ರಿ. ನನ್ನ ಸಲುವಾಗಿ ಜಗಳಾಡಿದ್ದ.”

ಅವಳ ಕೈಯಲ್ಲಿ ಶಾಲೆ ಬಿಟ್ಟ ಪ್ರಮಾಣಪತ್ರವಿತ್ತು. ಮೇ ತಿಂಗಳಲ್ಲಿ ಕೊಟ್ಟಿದ್ದರು. ಆದರೆ ಬರೆದ ದಿನಾಂಕ ಜನವರಿ ಆರು.

“ಹೈಸ್ಕೂಲಿನ್ಯಾಗ, ನೀ ಏಳನೇತ್ತಾ ಅರ್ಧಕ್ಕ ಬಿಟ್ಟೀದಿ, ಎಂಟನೇತ್ತಾಕ್ಕ ತಗೊಳ್ಳಂಗಿಲ್ಲ ಅಂದ್ರು. ಇವತ್ತ ಐದರ ತನಕಾ ಟೈಮ್ ಐತಿ. ನಾ ದಿನಾ ಸಾಲಿಗಿ ಬಂದೀನ್ರಿ! ಪರೀಕ್ಷಾನೂ ಬರದೀನಿ. ನಮ್ಮನ್ನಷ್ಟ ಬ್ಯಾರೆ ಖೋಲ್ಯಾಗ ಕುಂಡ್ರಿಸಿದ್ರು.”

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಒಳಗೆ ಅಪ್ಪಣ್ಣ ತಲೆ ತಗ್ಗಿಸಿ ಕೂತಿದ್ದ.

“ಈ ಪ್ರಮಾಣಪತ್ರ ತಗೊಳ್ಳುವಾಗ ದಿನಾಂಕ ನೋಡಲಿಲ್ಲೇನು?” ಅವನನ್ನು ಕೇಳಿದೆ.

“ನನಗ ಓದಾಕ ಬರಂಗಿಲ್ರಿ ಬಾಯಾರ. ಹೆಬ್ಬಟ್ಟ ಒತ್ತಂದ್ರು, ಒತ್ತಿದೆ.”

ನಾನು ಕಾನ್‌ಸ್ಟೇಬಲ್‌ನ ಕಡೆ ತಿರುಗಿದೆ. “ಹದಿನೆಂಟು ಪುಸ್ತಕ. ಎಲ್ಲಕ್ಕೂ ಒಂದೇ ಕಂದು ರಟ್ಟು, ಮೇಲೆ ಮರಾಠಿ ಚೀಟಿ. ಓದಲು ಬಾರದವನು ಬೇಕಾದ ಒಂದನ್ನೇ ಹೇಗೆ ಎಳೆದುಕೊಂಡ?”

ಅವನು ಕಿವಿ ತುರಿಸಿಕೊಂಡ. ಕೊನೆಗೆ ನಮ್ಮ ಜೊತೆ ಶಾಲೆಗೆ ಹೊರಟ.

* * *

ನಾನು ಬರುವುದು ಇಬ್ಬರಿಗೆ ಗೊತ್ತಿತ್ತು. ಹೆಡ್‌ಮಾಸ್ತರಿಗೆ, ಮತ್ತು ಏಳನೆಯ ತರಗತಿಯ ಟೀಚರ್ ವತ್ಸಲಾಗೆ. ಆಕೆ ಮೈಸೂರಿನವಳು, ಬ್ಯಾಂಕಿನವರ ಹೆಂಡತಿ. ಹಾಜರಿ ಬರೆಯುತ್ತಿದ್ದವಳೂ ಅವಳೇ. ಬೆಳಗ್ಗಿನಿಂದ ಬಟ್ಟೆಯ ಚೀಲವೊಂದನ್ನು ಕಂಕುಳಿನಿಂದ ಇಳಿಸಿರಲಿಲ್ಲ. ಪುಸ್ತಕ ಅದರಲ್ಲೇ ಇದೆ ಎಂದುಕೊಂಡೆ. ಜೋರಾಗಿಯೇ ಕೇಳಿದೆ.

“ಹಾಜರಿ ಪುಸ್ತಕ ಎಲ್ಲಿ?”

“ನನಗ್ ಗೊತ್ತಿಲ್ಲ ಮೇಡಂ.”

“ಜನವರಿ ಆದಮೇಲೆ ಗೌರಮ್ಮ ಶಾಲೆಗೆ ಬರುತ್ತಿದ್ದಳೋ ಇಲ್ಲವೋ?”

ಅವಳು ಹೆಡ್‌ಮಾಸ್ತರರ ಕೋಣೆಯತ್ತ ನೋಡಿ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಒಂದು ಮಾತು ಹೇಳಲಿಕ್ಕೆ ಇಷ್ಟು ಭಯವೇ?

ಬೇರೆ ಸಾಕ್ಷಿ ಬೇಕಿತ್ತು. ಗೋಡೆಯ ಕಪ್ಪುಹಲಗೆಯಲ್ಲಿ ಇವತ್ತಿನ ಸುವಿಚಾರ, ಒಂದು ನೀತಿನುಡಿ, ಇತ್ತು, ಕೆಳಗೆ ಅದನ್ನು ಓದಿದ ಹುಡುಗಿಯ ಹೆಸರು. ಇಲ್ಲಿನ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ದಿನಕ್ಕೊಂದು ಮಗು ಸರದಿಯ ಮೇಲೆ ಸುವಿಚಾರ ಓದಬೇಕು. ಅದಕ್ಕೊಂದು ವಹಿ ಇರುತ್ತದೆ. ಮಗುವಿನ ಹೆಸರು, ದಿನಾಂಕ, ಹೆಡ್‌ಮಾಸ್ತರರ ಸಹಿ. ಯಾವ ತಪಾಸಣೆಯಲ್ಲೂ ಯಾರೂ ಅದನ್ನು ಕೇಳುವುದಿಲ್ಲ. ನಾನೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ವಹಿ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಸೆಪ್ಟೆಂಬರಿನ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಹೆಸರು ಹುಡುಕುವಷ್ಟರಲ್ಲಿ ಮೂರೂವರೆಯಾಯಿತು.

* * *

“ಬಾರಾಪಾತ್ರೆ ಸರ್, ಫೆಬ್ರವರಿ ಹದಿನೆಂಟು. ಸುವಿಚಾರ ಓದಿದ್ದು ಗೌರಮ್ಮ ಅಪ್ಪಣ್ಣ. ಸಹಿ ನಿಮ್ಮದೇ ತಾನೆ?”

ಅವರು ವಹಿಯನ್ನು ಎಳೆದುಕೊಂಡು ಸಹಿ ನೋಡಿದರು.

“ನಿಮ್ಮ ಪ್ರಮಾಣಪತ್ರದ ಪ್ರಕಾರ ಅವಳು ಜನವರಿಯಲ್ಲೇ ಹೋಗಿಯಾಗಿತ್ತು. ಸೆಪ್ಟೆಂಬರಿನ ಪಟ್ಟಿ ನನ್ನ ಬಳಿ ಇದೆ. ಬಿಟ್ಟುಹೋದವರೆಂದು ನೀವು ತೋರಿಸಿದವರಲ್ಲಿ ಒಂಬತ್ತು ಹೆಸರು, ಜನವರಿ ಆದಮೇಲೆ, ಈ ವಹಿಯಲ್ಲಿವೆ. ಎಲ್ಲದಕ್ಕೂ ನಿಮ್ಮ ಸಹಿ. ಫೇಲಾಗುವವರು ಅನ್ನಿಸಿದವರನ್ನು ಕಾಗದದಲ್ಲಿ ಹೊರಗೆ ಹಾಕಿದಿರಿ. ಅವರು ದಿನಾ ಬಂದದ್ದು ಹಾಜರಿ ಪುಸ್ತಕದಲ್ಲಿತ್ತು. ನನ್ನ ಪತ್ರ ಬಂತು. ನಿಮ್ಮ ಬೀಗ ನೀವೇ ಒಡೆದಿರಿ. ಜಗಳಾಡಿದ ಹಮಾಲ ಒಬ್ಬ ಸಿಕ್ಕಿದ್ದ, ಅವನ ತಲೆಗೆ ಕಟ್ಟಿದಿರಿ.”

ಕಾನ್‌ಸ್ಟೇಬಲ್ ಕೈ ಚಾಚಿದ. ಹೆಡ್‌ಮಾಸ್ತರು ಸ್ಕೂಟರಿನ ಚಾವಿ ಕೊಟ್ಟರು. ಹಾಜರಿ ಪುಸ್ತಕ ಡಿಕ್ಕಿಯಲ್ಲಿತ್ತು. ಕಾನ್‌ಸ್ಟೇಬಲ್ ಚೌಕಿಗೆ ಫೋನ್ ಮಾಡಿ ಅಪ್ಪಣ್ಣನನ್ನು ಬಿಡಲು ಹೇಳಿದ.

“ನಾನೇನು ಮಾಡಲಿ ಮ್ಯಾಡಮ್? ಶೇಕಡಾ ಐವತ್ತಕ್ಕಿಂತ ಕಡಿಮೆ ಬಂದರೆ ಶಾಲೆ ಮುಚ್ಚುತ್ತೇವೆ ಅಂದಿದ್ದರು. ಹಮಾಲರ ಮಕ್ಕಳು, ಡ್ರೈವರ್ ಮಕ್ಕಳು. ಮನೆಯಲ್ಲಿ ಮರಾಠಿ ಇಲ್ಲ. ಪಾಸಾಗುತ್ತಾರಾ ಇವರು?”

ಆಗ ಹೊಳೆಯಿತು. ಇವರು ಅಂಕ ನೋಡಿ ಆರಿಸಿರಲಿಲ್ಲ. ನಾನು ಪ್ರತಿವರ್ಷ ತುಂಬಿಸುವ ತಂದೆಯ ಕೆಲಸದ ಕಾಲಂ ನೋಡಿ ಆರಿಸಿದ್ದರು.

ವತ್ಸಲಾ ಬಂದು ಚೀಲವನ್ನು ಮೇಜಿನ ಮೇಲೆ ಸುರಿದಳು. ಇಪ್ಪತ್ತೆರಡು ಮಕ್ಕಳ ಉತ್ತರಪತ್ರಿಕೆಗಳು.

“ರದ್ದಿಗೆ ಹಾಕಿ ಅಂದ್ರು. ಮನಸ್ಸು ಬರ್ಲಿಲ್ಲ. ಮನೇಲಿ ಕೂತು ತಿದ್ದಿದೆ. ಇವತ್ತು ನಿಮಗೆ ಕೊಡೋಣ ಅಂತ ತಂದೆ, ಧೈರ್ಯ ಸಾಲ್ಲಿಲ್ಲ.” ಹೆಡ್‌ಮಾಸ್ತರರ ಕಡೆ ತಿರುಗಿದಳು. “ಹದಿನೇಳು ಜನ ಪಾಸು ಸರ್. ಗೌರಮ್ಮನಿಗೆ ಅರವತ್ತೊಂದು ಪರ್ಸೆಂಟ್.”

ನನ್ನ ಹಾಳು ತಲೆ ಕೇಳದೆಯೇ ಲೆಕ್ಕ ಹಾಕಿತು. ಆ ನಲವತ್ತರಲ್ಲಿ ಪಾಸಾದ ಮೂವತ್ತೆಂಟು, ಇವರಲ್ಲಿ ಹದಿನೇಳು. ಅರವತ್ತೆರಡರಲ್ಲಿ ಐವತ್ತೈದು.

“ಎಂಬತ್ತೊಂಬತ್ತು ಪರ್ಸೆಂಟ್ ಸರ್. ಏನೂ ಮಾಡದೆ ಸುಮ್ಮನಿದ್ದಿದ್ದರೂ ನಿಮ್ಮ ಶಾಲೆ ಉಳಿಯುತ್ತಿತ್ತು.”

ಬಾರಾಪಾತ್ರೆ ಕುರ್ಚಿಯಲ್ಲಿ ಕುಸಿದರು. ನನಗೆ ಕನಿಕರ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

“ಆಮೇಲೆ ಕೂರುವಿರಂತೆ. ಮೊದಲು ಗೌರಮ್ಮನ ಅಂಕಪಟ್ಟಿ, ಸರಿಯಾದ ದಿನಾಂಕದ ಪ್ರಮಾಣಪತ್ರ ಬರೆಯಿರಿ. ಜಲ್ದಿ.”

ಅವರು ಬರೆದು ಸಹಿ ಹಾಕಿದರು. ನಾಲ್ಕೂ ಇಪ್ಪತ್ತಾಗಿತ್ತು. ಗೌರಮ್ಮ ಹಾಳೆಗಳನ್ನು ತೆಗೆದುಕೊಂಡು, ನಿಂತಲ್ಲೇ, ಬೆರಳಿಟ್ಟು, ತನ್ನ ಹೆಸರು, ದಿನಾಂಕ, ಅಂಕ ಒಂದೊಂದನ್ನೂ ಓದಿದಳು. ಹೊತ್ತಾಗುತ್ತದೆ, ನಡಿ ಎಂದೆ.

“ತಡೀರಿ ಬಾಯಾರ,” ಎಂದಳು. “ಈ ಸಲ ಪೂರಾ ಓದೇ ಒಯ್ತೀನಿ.”