ಈಜು ಮೇಷ್ಟ್ರ ನೀಲಿ ಬೆರಳು

"ನಿಮಗೆ ಬೇಕಿರೋದು ನನ್ನ ರಕ್ತಾನಾ, ಇಲ್ಲ ನಾನಾ?"

ಮೂರನೇ ಸಲ ಸೂಜಿ ಹಿಡಿದು ನಿಂತಿದ್ದ ಲ್ಯಾಬಿನ ಹುಡುಗಿಯ ಮುಖ ಕೆಂಪೇರಿತು. ಪಕ್ಕದ ಮೇಜಿನ ಅಕ್ಕ ಕಿಸಕ್ಕನೆ ನಕ್ಕಳು.

ಕೇಳಿದವನು ಮಕ್ಕಳಿಗೆ ಈಜು ಕಲಿಸುವ ಮೇಷ್ಟ್ರು. ನೀರಿಗಿಳಿದರೆ ಬೆರಳು ನೀಲಿಯಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಪರೀಕ್ಷೆಗೆ ಬಂದಿದ್ದ. ಎರಡು ಸಲ ತೆಗೆದ ರಕ್ತವೂ ಟ್ಯೂಬಿನಲ್ಲೇ ಗಂಟುಗಂಟಾಗಿ, ಯಂತ್ರ ಬಾಯಿಗೆ ಬಂದ ಲೆಕ್ಕ ಕೊಟ್ಟಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಹುಡುಗಿಗೆ. ಮತ್ತೆ ಮತ್ತೆ ಕರೆಸಲು ಬೇಕೆಂದೇ ಕೆಡಿಸಿದೆ ಅಂದುಕೊಂಡನಲ್ಲ... ಹಾಗಂತ, ಅವನು ಬರುತ್ತಾನೆಂದು ಇವತ್ತು ಎರಡೆರಡು ಸಲ ಜಡೆ ಹೆಣೆದದ್ದು ಸುಳ್ಳೇ?

ರಕ್ತ ತೆಗೆದ ಕೂಡಲೇ ಮೈ ಬಿಸಿಯಷ್ಟೇ ಬೆಚ್ಚಗಿರುವ ನೀರಿನಲ್ಲಿ ಟ್ಯೂಬು ಇಟ್ಟು ತರುವಂತೆ ಈ ಸಲ ಡಾಕ್ಟರು ಹೇಳಿದ್ದರು. ಹಾಗೇ ತಂದಳು. ರಕ್ತ ಗಂಟು ಕಟ್ಟಲಿಲ್ಲ. ಅವಳ ಕೆಲಸದ ಮೇಲಿನ ಅನುಮಾನವೇನೋ ಹೋಯಿತು, ದೋಷ ಅವನ ರಕ್ತದಲ್ಲೇ ಇದೆ ಎಂದು ಎದೆ ಮಾತ್ರ ಭಾರವಾಯಿತು.

ಮುಂದಿನ ಪರೀಕ್ಷೆಗಳಲ್ಲಿ ಕಾರಣ ಸಿಕ್ಕಿತು. ನಿಧಾನವಾಗಿ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರ್. ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸಬೇಕಾದ ಬಿ ಕಣಗಳೆಂಬ ಬಿಳಿ ರಕ್ತಕಣಗಳು ಹದ್ದುಮೀರಿ ಬೆಳೆದು, ಒಂದೇ ಬಗೆಯ ಪ್ರತಿಕಾಯವನ್ನು ಸುರಿಯುತ್ತಿದ್ದವು. ತಣ್ಣಗಾದರೆ ಸಾಕು, ಅದು ಅವನದೇ ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸಿ ನಾಶಮಾಡುತ್ತಿತ್ತು; ನೀಲಿ ಬೆರಳು, ಏದುಸಿರು ಎರಡೂ ಅದರಿಂದಲೇ. ಔಷಧಿಯಿಂದ ಹಿಡಿತಕ್ಕೆ ಬರುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು.

ಚಿಕಿತ್ಸೆ ಶುರುವಾಯಿತು. ಮೇಷ್ಟ್ರು ಬಂದಾಗಲೆಲ್ಲ ತಲೆ ತಗ್ಗಿಸಿಯೇ ತೋಳು ಚಾಚಿ, ರಕ್ತ ಕೊಟ್ಟು ಹೋಗುತ್ತಿದ್ದ. ನನ್ನ ಮುಖ ನೋಡಲೂ ಬೇಡವಾಯಿತೇ ಎಂದು ಅವಳು ಒಳಗೊಳಗೇ ಕೊರಗಿದಳು. ಊಟ ಯಾಕೆ ಸೇರುತ್ತಿಲ್ಲ ಎಂದು ಅಮ್ಮ ಕೇಳಿದರೆ ತಲೆನೋವೆಂದಳು.

ಒಂದು ಬೆಳಿಗ್ಗೆ ಅವನೇ ತಡವರಿಸಿದ. "ಅವತ್ತು ಹಾಗಂದಿದ್ದು ತಪ್ಪಾಯ್ತು. ನಿಮ್ಮ ಕೈಯದೇನೂ ತಪ್ಪಿರಲಿಲ್ಲ."

"ರಕ್ತ ಕೆಡಿಸಿದ್ದು ನಾನಲ್ಲ," ಎಂದಳು. ಆಮೇಲೆ ಸೂಜಿ ಕೆಳಗಿಟ್ಟು, "ಆದ್ರೆ ನೀವು ಮತ್ತೆ ಬರಬೇಕು ಅಂತ ಗೊತ್ತಾದಾಗ ಖುಷಿಯಾಗಿತ್ತು. ಅದಕ್ಕೇ ಆ ಮಾತಿಂದ ಅಷ್ಟು ನೋವಾಯ್ತು..."

ಮೇಷ್ಟ್ರು ತಲೆಯೆತ್ತಿದ. ಇಷ್ಟು ದಿನ ಅವನು ಕಣ್ಣು ತಪ್ಪಿಸಿದ್ದು ಕೋಪಕ್ಕಲ್ಲ. ಕಾಯಿಲೆಯವನಿಗೆ ಇಂಥ ಆಸೆಯೇಕೆ ಎಂದು ತನ್ನನ್ನೇ ಗದರಿಸಿಕೊಳ್ಳುತ್ತಿದ್ದ.

"ಇದು ಪೂರ್ತಿ ಬಿಟ್ಟು ಹೋಗೋ ಕಾಯಿಲೆ ಅಲ್ಲ," ಎಂದ ಮೆಲ್ಲಗೆ. "ವರ್ಷಗಟ್ಟಲೆ ಜೊತೇಲೇ ಇರುತ್ತೆ."

ಅವಳು ಅವನ ತಣ್ಣನೆಯ ಬೆರಳುಗಳನ್ನು ತನ್ನೆರಡೂ ಅಂಗೈಗಳ ನಡುವೆ ಇಟ್ಟುಕೊಂಡಳು.

"ಇರಲಿ. ನಾನೂ ಬಿಟ್ಟು ಹೋಗೋಳಲ್ಲ."